ಬರ್ಲಿನ್ನಿನ ಟ್ರಂಪೆಟ್
ಬರ್ಲಿನ್ನಿನ ‘ಎಲಿಮೆಂಟ್ ಆಫ್ ಕ್ರೈಮ್’ ರಾಕ್ ತಂಡ 1985ರಲ್ಲಿ ಹುಟ್ಟಿದಾಗ ಹಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಹೆಸರೂ ಲಾರ್ಸ್ ಫಾನ್ ಟ್ರಿಯರ್ ಅವರ ಸಿನಿಮಾದಿಂದ ತಂದದ್ದು. 1987ರ ಆಲ್ಬಮ್ಮನ್ನು ಹೆಸರಾಂತ ಸಂಗೀತಗಾರ ಜಾನ್ ಕೇಲ್ ಅವರೇ ನಿರ್ಮಿಸಿಕೊಟ್ಟರು. ಆದರೂ ತಂಡಕ್ಕೆ ತನ್ನದೇ ದನಿ ಸಿಕ್ಕಿದ್ದು 1991ರಲ್ಲಿ, ಗಾಯಕ ಸ್ವೆನ್ ರೇಗೆನರ್ ಜರ್ಮನ್ನಿಗೆ ಹೊರಳಿದ ಮೇಲೆ ಎಂದೇ ನನ್ನ ಎಣಿಕೆ. ರೇಗೆನರ್ ಅವರದು ತುಸು ಒರಟು ಕಂಠ. ಎದುರಿಗೆ ಕೂತು ಮಾತಾಡಿದಂತೆ ಹಾಡುತ್ತಾರೆ, ನಡುವೆ ಟ್ರಂಪೆಟ್ ಎತ್ತಿಕೊಂಡು ಮಾತಿಗೆ ದಕ್ಕದ ಸಂಕಟವನ್ನೆಲ್ಲ ಊದಿಬಿಡುತ್ತಾರೆ. ಅಲ್ಲಿ ಗೋಳಾಟವಿಲ್ಲ, ಮುಗಿದ ಪ್ರೀತಿಯನ್ನು ಒಪ್ಪಿಕೊಂಡವರ ವಿಷಾದವಿದೆ. 2001ರಲ್ಲಿ ಅವರ ಕಾದಂಬರಿ ‘ಹೆರ್ ಲೇಮನ್’ ಮನೆಮಾತಾಯಿತು, ಸಿನಿಮಾವೂ ಆಯಿತು. ತಂಡ ಮಾತ್ರ ಒಡೆಯಲಿಲ್ಲ. 2023ರಲ್ಲೂ ಹೊಸ ಆಲ್ಬಮ್ ಕೊಟ್ಟಿತು. ಜರ್ಮನ್ ಬಾರದಿದ್ದರೂ ಚಿಂತೆಯಿಲ್ಲ, ಒಮ್ಮೆ ಕೇಳಿ ನೋಡಿ.