ಶೇ 40ರ ಷರತ್ತು ಬಯಲುಸೀಮೆಗೆ ಬೇಡ

ಗಿಡ ಬೆಳೆಸಿದವರಿಗೆ ಕ್ರೆಡಿಟ್ ಅಂಕ ಕೊಡುವ ‘ಗ್ರೀನ್ ಕ್ರೆಡಿಟ್’ ನಿಯಮಗಳನ್ನು ಕೇಂದ್ರ ಪರಿಸರ ಸಚಿವಾಲಯ 2025ರ ಆಗಸ್ಟ್‌ನಲ್ಲಿ ತಿದ್ದಿತು. ಗಿಡ ನೆಟ್ಟರೆ ಸಾಲದು, ಐದು ವರ್ಷ ಉಳಿಸಿ ತೋರಿಸಬೇಕು ಎಂಬ ಬಿಗಿ ಬಂತು. ಅದು ಸರಿ. ಆದರೆ ಅದೇ ತಿದ್ದುಪಡಿಯ ಇನ್ನೊಂದು ಅಂಕಿಯ ಬಗ್ಗೆ ಚರ್ಚೆಯಾಗಬೇಕು: ಕ್ರೆಡಿಟ್ ಸಿಗಬೇಕಾದರೆ ಮರಗಳ ಹೊದಿಕೆ ಕನಿಷ್ಠ ಶೇ 40 ಇರಬೇಕು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಕುರುಚಲು, ಹುಲ್ಲುಗಾವಲುಗಳಿಗೆ ಈ ಷರತ್ತನ್ನು ಅನ್ವಯಿಸಲೇಬಾರದು.

ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಲೆಕ್ಕವನ್ನೇ ನೋಡಿ. ಮರದ ಹೊದಿಕೆ ಶೇ 10ಕ್ಕಿಂತ ಕಡಿಮೆ ಇದ್ದರೆ ಕುರುಚಲು. ಶೇ 40 ದಾಟಿದರೆ ಮಧ್ಯಮ ದಟ್ಟಾರಣ್ಯ. ಕ್ರೆಡಿಟ್‌ಗೆ ಆರಿಸಬಹುದಾದ ಜಾಗಗಳ ಪಟ್ಟಿಯಲ್ಲಿ ಕುರುಚಲು ಪ್ರದೇಶ 2024ರ ನಿಯಮದಿಂದಲೂ ಇದೆ. ಅಂದರೆ ವರ್ಷಕ್ಕೆ 600 ಮಿ.ಮೀ. ಮಳೆ ಕಾಣುವುದೂ ಕಷ್ಟವಾದ ಹಿರಿಯೂರಿನ ಕುರುಚಲು, ಕುರುಚಲಾಗಿಯೇ ಉಳಿದರೆ ಈ ಪರೀಕ್ಷೆಯಲ್ಲಿ ಎಂದೂ ಪಾಸಾಗದು. ಅದನ್ನು ಅಳಿಸಿದವರಿಗೇ ಬಹುಮಾನ.

ಅಳಿಯುವುದು ಏನು? ಬಿಲ ತೋಡಿ ಬದುಕುವ ತೋಳಜೇಡವನ್ನು ತೆಗೆದುಕೊಳ್ಳಿ. ಬಲೆ ಕಟ್ಟಿ ಕೂರುವ ಜೀವವಲ್ಲ ಇದು. ರೇಷ್ಮೆಯ ಅಸ್ತರು ಹಾಕಿದ ಬಿಲದ ಬಾಯಲ್ಲಿ ಕಾದಿದ್ದು ಹತ್ತಿರ ಸುಳಿದ ಹುಳುವಿನ ಮೇಲೆ ಎರಗುತ್ತದೆ. ಹೆಣ್ಣು ಬಿಲ ಬಿಟ್ಟು ದೂರ ಹೋಗುವುದು ಅಪರೂಪ. ಮೊಟ್ಟೆಚೀಲ ಹೊತ್ತ ತಾಯಿ ಅದನ್ನು ಬಿಲದ ಬಾಯಿಗೆ ತಂದು ಬಿಸಿಲಿಗೆ ಒಡ್ಡುತ್ತದೆ. ಒಡೆದ ಮೇಲೆ ಮರಿಗಳನ್ನು ಬೆನ್ನ ಮೇಲೆ ಹೊರುತ್ತದೆ. ಇದಕ್ಕೆ ಬೇಕಿರುವುದು ಅಗೆಯದ ಮಣ್ಣು, ಬಯಲು, ಬಿಸಿಲು. ನೆಡುತೋಪು ಮೂರನ್ನೂ ಕಸಿಯುತ್ತದೆ: ಮೊದಲು ಜೆಸಿಬಿ ತೋಡುವ ಟ್ರೆಂಚು, ಆಮೇಲೆ ನೆರಳು, ಕೊನೆಗೆ ತರಗೆಲೆ.

ಹಸಿರು ಹೆಚ್ಚಿದರೆ ಜೀವಿಗಳೂ ಹೆಚ್ಚುತ್ತವೆ ಎನ್ನುವವರು ಪೋರ್ಚುಗಲ್‌ನ ಡೆಸೆರ್ಟಾಸ್ ದ್ವೀಪಗಳತ್ತ ನೋಡಲಿ. ಅಲ್ಲಿನ ಒಂದೇ ಒಂದು ಕಣಿವೆಯಲ್ಲಿರುವ ತೋಳಜೇಡ ಅಳಿವಿನ ಅಂಚು ತಲುಪಿದ್ದು ಹಸಿರು ಕಡಿಮೆಯಾಗಿ ಅಲ್ಲ. ಆಕ್ರಮಣಕಾರಿ ಹುಲ್ಲೊಂದು ದಟ್ಟವಾಗಿ ಹಬ್ಬಿ, ಜೇಡ ಅಡಗುವ ಕಲ್ಲು, ಸಂದುಗಳನ್ನು ಮುಚ್ಚಿದ್ದರಿಂದ. ಕೊನೆಗೆ ಬ್ರಿಸ್ಟಲ್ ಮೃಗಾಲಯದಲ್ಲಿ ಅದರ ಮರಿ ಮಾಡಿಸಬೇಕಾಯಿತು.

ಬರದ ನಾಡಿಗೆ ಮರ ಬೇಡವೇ? ಖಂಡಿತ ಬೇಕು. ಹೊಲದ ಬದು, ರಸ್ತೆಬದಿ, ಊರ ತೋಪುಗಳಲ್ಲಿ ಎಷ್ಟು ಬೇಕಾದರೂ ಬೆಳೆಸಲಿ. ಕುರಿ ಮೇಯುವ, ಕರಡ ಬೆಳೆಯುವ ಕಾವಲಿನಲ್ಲಿ ಬೇಡ.

ರಾಜ್ಯ ಅರಣ್ಯ ಇಲಾಖೆ ಮಾಡಬೇಕಾದದ್ದು ಎರಡು ಕೆಲಸ. ಈ ತಾಲ್ಲೂಕುಗಳ ಕುರುಚಲು, ಹುಲ್ಲುಗಾವಲನ್ನು ಕ್ರೆಡಿಟ್ ಪಟ್ಟಿಯಿಂದ ಹೊರಗಿಡಬೇಕು. ಯಾವುದೇ ನೆಡುತೋಪಿಗೆ ಮುನ್ನ ನೆಲದ ಜೀವಿಗಳ ಸಮೀಕ್ಷೆಯನ್ನು ಕಡ್ಡಾಯ ಮಾಡಬೇಕು. ತೋಳಜೇಡದ ಕಣ್ಣು ಕತ್ತಲಲ್ಲಿ ಟಾರ್ಚ್ ಬೆಳಕಿಗೆ ಹೊಳೆಯುತ್ತದೆ. ಎಣಿಸಲು ಕೋಟಿ ರೂಪಾಯಿ ಬೇಕಿಲ್ಲ, ಎಣಿಸುವ ಮನಸ್ಸು ಬೇಕು.