ಔಷಧಿ ಅಂಗಡಿಗೆ ಮೊದಲು ಗೋನಿಯೋಜಸ್

ಬೇಸಿಗೆ ಏರುತ್ತಿದ್ದಂತೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಕೆಲವು ತೆಂಗಿನ ತೋಟಗಳು ಬೆಂಕಿಗೆ ಸಿಕ್ಕಂತೆ ಕಾಣತೊಡಗುತ್ತವೆ. ಇದು ಕಪ್ಪುತಲೆ ಹುಳುವಿನ ಕೆಲಸ. ಗರಿ ಮಗುಚಿದರೆ ಹಿಕ್ಕೆ, ನೂಲು ಸೇರಿಸಿ ಹೆಣೆದ ಸುರಂಗ. ಒಳಗೆ ಕೂತು ಹಸಿರು ಕೆರೆದು ತಿನ್ನುವ ಹುಳು. ಕಾಯಿ ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿ ಕೊಬ್ಬರಿಯಾಗುವ ಸೀಮೆಯಿದು. ಈ ವರ್ಷದ ಪೆಟ್ಟು ಮುಂದಿನ ವರ್ಷದ ಮಾರುಕಟ್ಟೆಯಲ್ಲೂ ತಟ್ಟುತ್ತದೆ.

ಆಗ ಎಲ್ಲರೂ ಓಡುವುದು ಔಷಧಿ ಅಂಗಡಿಗೆ. ಅಷ್ಟೆತ್ತರದ ಮರಕ್ಕೆ ಸ್ಪ್ರೇ ಹೊಡೆಯುವುದೇ ಸಾಹಸ. ಸುರಂಗದೊಳಗಿನ ಹುಳುವಿಗೆ ವಿಷ ತಗುಲುವುದು ಅಷ್ಟಕ್ಕಷ್ಟೆ. ಸಾಯುವುದು ಹೊರಗೆ ಓಡಾಡುವ ಅದರ ಶತ್ರು.

ಆ ಶತ್ರು ಗೋನಿಯೋಜಸ್, ಇರುವೆ ಗಾತ್ರದ ಕಣಜ. ಸುರಂಗಕ್ಕೆ ನುಗ್ಗಿ, ಹುಳುವನ್ನು ಕುಟುಕಿ ಮರಗಟ್ಟಿಸಿ, ಅದರ ಮೈಮೇಲೇ ಮೊಟ್ಟೆಯಿಡುತ್ತದೆ. ಮರಿಗಳು ಹುಳುವನ್ನು ಹೀರಿ ಬೆಳೆಯುವಾಗ ತಾಯಿ ಅಲ್ಲೇ ಕಾವಲು ಕೂರುತ್ತದೆ. ಪರೋಪಜೀವಿ ಕಣಜಗಳಲ್ಲಿ ಇಂಥ ತಾಯ್ತನ ಅಪರೂಪ. ಪ್ರಯೋಗಾಲಯಗಳಲ್ಲಿ ಅಕ್ಕಿ ಪತಂಗದ ಹುಳುಗಳ ಮೇಲೆ ಇದನ್ನು ಸಾಕುತ್ತಾರೆ. ಮರಕ್ಕೆ 15ರಿಂದ 20ರಂತೆ, 15 ದಿನಕ್ಕೊಮ್ಮೆ ನಾಲ್ಕು ಸಲ ಬಿಡಬೇಕೆಂಬುದು ಶಿಫಾರಸು.

ಹೀಗೆ ಇನ್ನೊಂದು ಜೀವಿಯನ್ನು ಹಿಡಿತದಲ್ಲಿಡುವ ಬೇಟೆಗಾರ ಪ್ರಾಣಿ ಇಲ್ಲವಾದರೆ ಏನಾಗುತ್ತದೆಂಬುದಕ್ಕೆ ಪೆಸಿಫಿಕ್ ಸಾಗರದ ಕಡಲ ನೀರುನಾಯಿಯ ಕಥೆ ಕೇಳಬೇಕು. ತಿಮಿಂಗಿಲಕ್ಕಿರುವ ಕೊಬ್ಬಿನ ಪದರ ಅದಕ್ಕಿಲ್ಲ. ದಟ್ಟ ತುಪ್ಪಳವೇ ರಕ್ಷೆ. ಮೈ ಬೆಚ್ಚಗಿರಲು ದಿನಕ್ಕೆ ತನ್ನ ತೂಕದ ಸುಮಾರು ಕಾಲುಭಾಗ ತಿನ್ನಬೇಕು. ಆ ತುಪ್ಪಳಕ್ಕಾಗಿ ಕೊಂದು ಕೊಂದು, ಬೇಟೆಗೆ ತಡೆಹಾಕಿದ 1911ರ ಅಂತರರಾಷ್ಟ್ರೀಯ ಒಪ್ಪಂದದ ಹೊತ್ತಿಗೆ ಉಳಿದದ್ದು ಒಂದೆರಡು ಸಾವಿರ. ನೀರುನಾಯಿ ಹೋದಲ್ಲಿ ಅದರ ಆಹಾರವಾದ ಮುಳ್ಳುಮೈಯ ಕಡಲಜೀವಿಗಳು ಹೆಚ್ಚಿ, ಕೆಲ್ಪ್ ಎಂಬ ದೈತ್ಯ ಪಾಚಿಯ ಕಾಡನ್ನೇ ಬೋಳಿಸಿದವು. ಅಲೂಷಿಯನ್ ದ್ವೀಪಗಳಲ್ಲಿ ಇದನ್ನು ಕಂಡ ವಿಜ್ಞಾನಿಗಳಾದ ಜೇಮ್ಸ್ ಎಸ್ಟಿಸ್, ಜಾನ್ ಪಾಲ್ಮಿಸಾನೊ 1974ರಲ್ಲಿ ಲೋಕಕ್ಕೆ ತಿಳಿಸಿದರು. ನಮ್ಮ ತುಂಗಭದ್ರೆಯ ನೀರುನಾಯಿಗಳಿಗೂ 2015ರಲ್ಲಿ ಸಂರಕ್ಷಣಾ ಮೀಸಲು ಘೋಷಣೆಯಾಯಿತು.

ಗೋನಿಯೋಜಸ್‌ಗೆ ಮೀಸಲು ಪ್ರದೇಶವೇನೂ ಬೇಡ. ವಿಷ ಎರಚದಿದ್ದರೆ ಅದು ತನ್ನ ಪಾಡಿಗೆ ದುಡಿಯುತ್ತದೆ. ತೆಂಗಿನ ಇನ್ನೊಂದು ಪೀಡೆಯಾದ ಸುರುಳಿ ಬಿಳಿನೊಣದ ವಿಚಾರದಲ್ಲೂ ವಿಜ್ಞಾನಿಗಳ ಮಾತು ಇದೇ: ಸ್ಪ್ರೇ ಹೊಡೆದರೆ ಅದನ್ನು ಹಿಡಿತದಲ್ಲಿಡುವ ಎನ್ಕಾರ್ಸಿಯಾ ಕಣಜವೂ ಸಾಯುತ್ತದೆ.

ಆದರೆ ಒಬ್ಬರ ತೋಟದಲ್ಲಿ ಬಿಟ್ಟರೆ ಸಾಲದು. ಹುಳುವಿನ ಪತಂಗಕ್ಕೆ ಬೇಲಿ ಲೆಕ್ಕಕ್ಕಿಲ್ಲ. ತೀರಾ ಕೆಟ್ಟ ಗರಿ ಕಡಿದು ಸುಟ್ಟು, ಊರಿಗೆ ಊರೇ ಒಟ್ಟಿಗೆ ಗೋನಿಯೋಜಸ್ ಬಿಡುವಂತೆ ಪಂಚಾಯಿತಿಗಳು ಮುಂದಾಗಬೇಕು, ತೋಟಗಾರಿಕೆ ಇಲಾಖೆ ಬೇಕಾದಷ್ಟು ಕಣಜ ಒದಗಿಸಬೇಕು. ಗರಿಯಡಿ ಸುರಂಗ ಕಂಡವರು ಆ ಗರಿ ಹಿಡಿದು ಮೊದಲು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ತಾಲ್ಲೂಕಿನ ತೋಟಗಾರಿಕೆ ಕಚೇರಿಗೋ ಹೋಗಲಿ.