ಒಣಗಿದ ಹುಲ್ಲಿನ ಪರವಾಗಿ

ಗಾಲ್ಫ್ ಮೈದಾನಗಳು ನೀರು, ಗೊಬ್ಬರ, ಔಷಧಿಗಳ ಬಳಕೆ ತಗ್ಗಿಸಲೇಬೇಕು, ಬೇಸಿಗೆಯಲ್ಲಿ ಚೆಂಡು ಸಾಗುವ ಹಾದಿಯ (ಫೇರ್‌ವೇ) ಆಚೀಚಿನ ರಫ್‌ನ ಹುಲ್ಲು ಒಣಗಿದರೆ ಒಣಗಲಿ ಎಂಬುದು ನನ್ನ ವಾದ. ಇದನ್ನು ಇಬ್ಬರೂ ಒಪ್ಪುವುದಿಲ್ಲ. ಕ್ಲಬ್ಬಿನ ಸದಸ್ಯರಿಗೆ ಆಟ ಕೆಡುತ್ತದೆಂಬ ಆತಂಕ. ಪರಿಸರದ ಗೆಳೆಯರಿಗೆ ಇದು ಬರೀ ತೇಪೆ ಕೆಲಸ.

ಅಂಚಿನಿಂದ ಅಂಚಿಗೆ ಹಚ್ಚಹಸಿರು ಇಲ್ಲದಿದ್ದರೆ ಅದು ಗಾಲ್ಫೇ ಅಲ್ಲ ಎನ್ನುತ್ತಾರೆ ಸದಸ್ಯರು. ಆದರೆ ಈ ಆಟ ಬೆಳೆದದ್ದು ಸ್ಕಾಟ್ಲೆಂಡಿನ ಕಡಲಂಚಿನ ಮರಳುದಿಬ್ಬಗಳಲ್ಲಿ. ಅಲ್ಲಿ ಹುಲ್ಲು ಮೇಯುತ್ತಿದ್ದದ್ದು ಕುರಿ ಮತ್ತು ಮೊಲ, ನೀರುಣಿಸುತ್ತಿದ್ದದ್ದು ಮಳೆ. ಬಿಲ್ಲುವಿದ್ಯೆಯ ಅಭ್ಯಾಸಕ್ಕೆ ಅಡ್ಡಿಯೆಂದು 1457ರಲ್ಲಿ ಅಲ್ಲಿನ ಸಂಸತ್ತು ಗಾಲ್ಫನ್ನು ನಿಷೇಧಿಸಿತ್ತು. ಸ್ಪ್ರಿಂಕ್ಲರ್ ಬಂದದ್ದು ಶತಮಾನಗಳ ಮೇಲೆ. ಹಚ್ಚಹಸಿರಿನ ಚಟ ಹತ್ತಿಸಿದ್ದು ಕಲರ್ ಟಿವಿ, ಅದರಲ್ಲಿ ಪ್ರತಿ ಏಪ್ರಿಲ್ ಕಾಣುವ ಅಮೆರಿಕದ ಅಗಸ್ಟಾ ಮೈದಾನ. ನಮ್ಮ ದೇಶದ ಎಷ್ಟೋ ಸಣ್ಣ ಮೈದಾನಗಳಲ್ಲಿ ಇವತ್ತಿಗೂ ಕುಳಿಯ ಸುತ್ತಿನ ನುಣುಪು ಹುಲ್ಲಿನ ಗ್ರೀನ್ ಬದಲು ಮರಳಿನ ‘ಬ್ರೌನ್’ ಇದೆ. ಅಲ್ಲಿ ಆಡಿದವರೂ ಗಾಲ್ಫ್ ಆಟಗಾರರೇ.

ಎರಡನೆಯದು ಪ್ರತಿಷ್ಠೆಯ ಮಾತು: ಕಂದು ಮೈದಾನಕ್ಕೆ ದೊಡ್ಡ ಪಂದ್ಯ ಯಾರು ಕೊಡುತ್ತಾರೆ? ಇದಕ್ಕೆ ಉತ್ತರ ಅಮೆರಿಕದ ನಾರ್ತ್ ಕೆರೊಲಿನಾದ ಪೈನ್‌ಹರ್ಸ್ಟ್ ನಂಬರ್ 2 ಮೈದಾನದಲ್ಲಿದೆ. ಸ್ಕಾಟ್ಲೆಂಡಿನ ಡಾರ್ನಾಕ್‌ನಿಂದ ಬಂದ ಡೊನಾಲ್ಡ್ ರಾಸ್ ಮರಳು ನೆಲದಲ್ಲಿ ಕಟ್ಟಿದ ಮೈದಾನ ಅದು. ಕಾಲಕ್ರಮದಲ್ಲಿ ಮರಳಿನ ಮೇಲೆಲ್ಲ ಬರ್ಮುಡಾ ಹುಲ್ಲು ಹಾಸಿ ಉಳಿದೆಲ್ಲವುಗಳಂತೆ ಮಾಡಿಬಿಟ್ಟಿದ್ದರು. ಅದನ್ನು ಮೂಲರೂಪಕ್ಕೆ ತರಲು ಮೈದಾನ ವಿನ್ಯಾಸಕರಾದ ಬಿಲ್ ಕೂರ್, ಬೆನ್ ಕ್ರೆನ್‌ಶಾ 2010ರಲ್ಲಿ ಕೆಲಸಕ್ಕಿಳಿದಾಗ 1943ರ ವೈಮಾನಿಕ ಚಿತ್ರಗಳನ್ನು ಮುಂದಿಟ್ಟುಕೊಂಡರು. ಫೇರ್‌ವೇ ನಡುವೆ ಹೂತಿದ್ದ ಹಳೆಯ ನೀರಿನ ಪೈಪಿನ ಜಾಡು ಹಿಡಿದು ಮೂಲ ಅಗಲ ಕಂಡುಕೊಂಡರು. ಸುಮಾರು 35 ಎಕರೆ ಹುಲ್ಲು ಕಿತ್ತು, ಅಲ್ಲಿನದೇ ವೈರ್‌ಗ್ರಾಸ್ ನೆಟ್ಟರು. ಸುಮಾರು 1,150 ಇದ್ದ ಸ್ಪ್ರಿಂಕ್ಲರ್‌ಗಳು 450ಕ್ಕೆ ಇಳಿದವು. 2014ರಲ್ಲಿ ಅಲ್ಲೇ ಒಂದು ವಾರ ಪುರುಷರ ಯುಎಸ್ ಓಪನ್, ಮರುವಾರ ಮಹಿಳೆಯರದು. ನೋಡಲು ಚೆನ್ನಾಗಿಲ್ಲ ಎಂದು ಆಗ ದೂರಿದವರಲ್ಲಿ ಸ್ವತಃ ಮೈದಾನಗಳ ಒಡೆಯರಾದ ಡೊನಾಲ್ಡ್ ಟ್ರಂಪ್ ಕೂಡ ಇದ್ದರು. ಯುಎಸ್ ಓಪನ್ 2024ರಲ್ಲಿ ಮತ್ತೆ ಅಲ್ಲಿಗೇ ಬಂತು. ಪ್ರತಿಷ್ಠೆಗೆ ಇದಕ್ಕಿಂತ ಇನ್ನೇನು ಬೇಕು?

ಹಾಗೂ ಬೇಕಾದ ನೀರಿಗೆ ಸಂಸ್ಕರಿಸಿದ ಕೊಳಚೆ ನೀರು ಬಳಸಿ ಎಂದರೆ, ಅದು ಹುಲ್ಲನ್ನು ಸುಡುತ್ತದೆ ಎಂಬ ಆಕ್ಷೇಪ ಬರುತ್ತದೆ. ಅದರಲ್ಲಿ ಸ್ವಲ್ಪ ಹುರುಳಿದೆ. ಆ ನೀರಿನಲ್ಲಿ ಉಪ್ಪಿನಂಶ ಹೆಚ್ಚು. ನೀರು ಬಸಿದುಹೋಗುವ ಏರ್ಪಾಡು ಬೇಕು, ಪಾಸ್ಪಾಲಂನಂಥ ಉಪ್ಪು ತಾಳುವ ಹುಲ್ಲು ಬೇಕು. ಆದರೆ ಅದೇ ನೀರಿನಲ್ಲಿ ಸಾರಜನಕ, ರಂಜಕವೂ ಇರುವುದರಿಂದ ಗೊಬ್ಬರ ಕಡಿಮೆ ಸಾಕು. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. 2024ರ ಮಾರ್ಚ್‌ನಲ್ಲಿ ಕೈತೋಟಕ್ಕೆ ಕುಡಿಯುವ ನೀರು ಬಿಟ್ಟರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಹೇಳಿತು. ಮನೆಯ ಮುಂದಿನ ನಾಲ್ಕು ಗುಲಾಬಿ ಗಿಡಕ್ಕೆ ಹಾಕಿದ ಕಟ್ಟುಪಾಡು ಹದಿನೆಂಟು ಹೋಲುಗಳ ಮೈದಾನಕ್ಕೆ ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನು ‘ಮುಚ್ಚಿಬಿಡಿ’ ಎನ್ನುವವರು. ಅವರ ಸಿಟ್ಟಿಗೆ ಕಾರಣವಿದೆ. 1984ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನ ಒಂದು ಮೈದಾನದಲ್ಲಿ ಡಯಾಜಿನಾನ್ ಕೀಟನಾಶಕ ಸಿಂಪಡಿಸಿದ ಹುಲ್ಲು ಮೇಯ್ದು ಸುಮಾರು 700 ಬ್ರ್ಯಾಂಟ್ ಹೆಬ್ಬಾತುಗಳು ಸತ್ತವು. ಆಮೇಲೆ ಆ ಔಷಧಿಯನ್ನು ಗಾಲ್ಫ್ ಮೈದಾನಗಳಲ್ಲಿ ನಿಷೇಧಿಸಬೇಕಾಯಿತು. ಕೆಲವು ಮೈದಾನ ಮುಚ್ಚುವುದೇ ಸರಿ ಎಂದೂ ಒಪ್ಪುತ್ತೇನೆ. ಕ್ಯಾಲಿಫೋರ್ನಿಯಾದ ಗೊಲೀಟಾದಲ್ಲಿ ಜೌಗು ತುಂಬಿಸಿ ಮಾಡಿದ್ದ ಓಷನ್ ಮೆಡೋಸ್ ಮೈದಾನವನ್ನು ಸಾಂತಾ ಬಾರ್ಬರಾ ವಿಶ್ವವಿದ್ಯಾಲಯ ಮತ್ತೆ ಜೌಗು ಮಾಡಿದೆ. ಆದರೆ ಭೂಮಿಯ ಬೆಲೆ ಗಗನಕ್ಕೇರಿದ ನಗರದಲ್ಲಿ ಮುಚ್ಚಿದ ಮೈದಾನ ಜೌಗಾಗುವುದಿಲ್ಲ, ಅಪಾರ್ಟ್‌ಮೆಂಟಾಗುತ್ತದೆ. ಮಳೆ ಇಂಗುವ ನೆಲ ಅಲ್ಲಿಗೆ ಹೋಯಿತು.

ಅಮೆರಿಕದ ಸರಾಸರಿ ಮೈದಾನ ಸುಮಾರು 150 ಎಕರೆ. ಅದರಲ್ಲಿ ಗ್ರೀನ್‌ಗಳೆಲ್ಲ ಸೇರಿದರೂ ಮೂರು ಎಕರೆಯ ಆಸುಪಾಸು. ಮಗುವಿನಂತೆ ಸಾಕಬೇಕಾದದ್ದು ಅಷ್ಟೇ ನೆಲ. ಉಳಿದ ಕಡೆ ಎಷ್ಟು ನೀರು ಬಿಡುತ್ತೇವೆ, ಅದು ಬೋರ್‌ವೆಲ್ಲಿನದೋ ಸಂಸ್ಕರಿಸಿದ್ದೋ ಎಂಬ ಮೀಟರ್ ಲೆಕ್ಕವನ್ನು ಪ್ರತಿ ಕ್ಲಬ್ಬೂ ತಿಂಗಳಿಗೊಮ್ಮೆ ಗೇಟಿನ ಹೊರಗೆ, ದಾರಿಹೋಕರಿಗೆ ಕಾಣುವಂತೆ, ಬರೆದು ಹಾಕಲಿ.